14 ಮಿ.ಮೀ. ಕಿಡ್ನಿ ಕಲ್ಲು, ಮೂರು ಡಾಕ್ಟ್ರು, ಮೂರು ಮಾತು: ಸಿ.ಟಿ. ರಿಪೋರ್ಟ್ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಜಗಳೂರಿನವ · ಬುಧವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಊರು ಜಗಳೂರು ತಾಲ್ಲೂಕು, ಕೆಲಸಕ್ಕೆ ಅಂತ ದಾವಣಗೆರೆ ವಿನೋಬನಗರದಲ್ಲಿದ್ದೀನಿ. ಅಪ್ಪಾಜಿಗೆ 63. ಹೋದ ತಿಂಗಳು ಮೆಕ್ಕೆಜೋಳಕ್ಕೆ ಯೂರಿಯಾ ಹಾಕಿ ಬಂದು ಬದುವಿನ ಮೇಲೆ ಕೂತವರಿಗೆ ಏಳೋಕೇ ಆಗಲಿಲ್ಲ. ಬಲಪಕ್ಕೆಯಿಂದ ತೊಡೆಸಂದಿವರೆಗೂ ನೋವು, ವಾಂತಿ ಬೇರೆ. ಗ್ಯಾಸ್ ಇರಬೇಕು ಅಂತ ಅಮ್ಮ ಓಂಕಾಳು ಜಗಿಸಿ, ಸೋಡಾ ಕುಡಿಸಿ, ಕೊನೆಗೆ ರಾತ್ರಿ ಹನ್ನೊಂದಕ್ಕೆ ತಮ್ಮನ ಕೈಲಿ ಫೋನ್ ಮಾಡಿಸಿದಳು.

ಆವತ್ತು ಕಿಡ್ನಿಯಿಂದ ಮೂತ್ರ ಇಳಿಯೋ ನಾಳದಲ್ಲಿ ಸಿಕ್ಕಿಕೊಂಡಿದ್ದದ್ದು 4 ಮಿ.ಮೀ. ಕಲ್ಲಿನ ಚೂರು. ಅದು ನಾಕೈದು ದಿನದಲ್ಲಿ ತಾನಾಗೇ ಬಿತ್ತು. ಆದರೆ ಕಿಡ್ನಿ ಒಳಗೆ ಇನ್ನೊಂದು ದೊಡ್ಡದು ಕೂತಿದೆ. ನನ್ನ ತಲೆನೋವು ಅದರದ್ದು. ಸ್ಕ್ಯಾನಿಂಗ್‌ನಲ್ಲಿ 16 ಮಿ.ಮೀ. ಅಂತ ಬಂತು. ಸಿ.ಟಿ. ರಿಪೋರ್ಟ್‌ನಲ್ಲಿ 14. ಮೂರನೇ ಡಾಕ್ಟ್ರು ಸ್ಕ್ಯಾನ್ ಸೆಂಟರಿನಿಂದ ಸಿ.ಟಿ. ಚಿತ್ರಗಳನ್ನ ತಮ್ಮ ಕಂಪ್ಯೂಟರಿಗೇ ತರಿಸಿಕೊಂಡು ನೋಡಿ 11 ಅಂದ್ರು. ಯಾವುದು ನಿಜ?

ಟ್ರೀಟ್‌ಮೆಂಟೂ ಅಷ್ಟೇ. ಒಬ್ಬರು "ಹೊರಗಿಂದ ಮಿಷನ್ ಇಟ್ಟು ಪುಡಿ ಮಾಡೋಣ" ಅಂದ್ರು. ಇನ್ನೊಬ್ಬರು "ಬೆನ್ನಲ್ಲಿ ಸಣ್ಣ ತೂತು ಮಾಡಬೇಕು" ಅಂದ್ರು. ಮತ್ತೊಬ್ಬರು "ಗಾಯಾನೇ ಇಲ್ಲದೆ ಕೆಳಗಿಂದ ಹೋಗಿ ಲೇಸರ್" ಅಂದ್ರು. ರೇಟಿನಲ್ಲಿ ಮೂರು ಪಟ್ಟು ವ್ಯತ್ಯಾಸ. ಅಪ್ಪಾಜಿ ಮಾತ್ರ "ನೋವು ಹೋಯ್ತಲ್ಲ, ಸುಮ್ನಿರಪ್ಪ" ಅಂತಾರೆ.

ರಿಪೋರ್ಟ್‌ನಲ್ಲಿ ಇರೋದು ಇಷ್ಟು: ಬಲ ಕಿಡ್ನಿ, ಕೆಳಭಾಗ, 14 ಮಿ.ಮೀ., 1240 ಎಚ್.ಯು. ಈ ಎಚ್.ಯು. ಏನು?

ಬೆಣ್ಣೆದೋಸೆ · ರಾತ್ರಿ 10:05

ಮೂರು ಸಲ ಅಳೆಯೋದ್ರೊಳಗೆ 5 ಮಿ.ಮೀ. ಕರಗಿದೆ. ಇನ್ನಿಬ್ಬರ ಹತ್ರ ತೋರಿಸಿ, ಕಲ್ಲೇ ಇರಲ್ಲ.

ತಮಾಷೆಗಂದೆ ಅಣ್ಣ, ಬೇಜಾರಾಗಬೇಡಿ. ನನಗೂ ಆಗಿತ್ತು, ಆ ನೋವು ಶತ್ರುವಿಗೂ ಬೇಡ.

ಹೊಳಲ್ಕೆರೆ ತೋಟ · ರಾತ್ರಿ 10:31

ಆಪರೇಷನ್ ಗೀಪರೇಷನ್ ಬೇಡ. ಬಾಳೆದಿಂಡು ಕೊಚ್ಚಿ ರಸ ತೆಗೆದು ಖಾಲಿ ಹೊಟ್ಟೆಗೆ ಒಂದು ಲೋಟ, ಮಧ್ಯಾಹ್ನ ಹುರುಳಿಕಟ್ಟಿನ ಸಾರು. 21 ದಿನ. ನಮ್ಮ ಭಾವನಿಗೆ ಬಿದ್ದುಹೋಯ್ತು. ನಮ್ಮ ಕಡೆ ಬೋರ್ ನೀರು ಕುಡಿದ್ರೆ ಕಲ್ಲಾಗದೇ ಇನ್ನೇನಾಗುತ್ತೆ ಹೇಳಿ. ಪಾತ್ರೆ ತಳದಲ್ಲಿ ಕಟ್ಟೋ ಬಿಳಿ ಹೊಪ್ಪಳಿಕೆ ನೋಡಿಲ್ವಾ.

ಕತ್ತಲೆಕೋಣೆ · ರಾತ್ರಿ 11:48

ತೋಟದಣ್ಣ, ನಿಮ್ಮ ಭಾವನದ್ದು ಎಷ್ಟು ಮಿ.ಮೀ. ಇತ್ತು? 5ರ ಒಳಗಿದ್ರೆ ಬಾಳೆದಿಂಡು ತಿಂದ್ರೂ ಬೀಳುತ್ತೆ, ಬೆಣ್ಣೆದೋಸೆ ತಿಂದ್ರೂ ಬಹುಪಾಲು ಬೀಳುತ್ತೆ. ಸೆಂಟಿಮೀಟರ್ ದಾಟಿದ ಮೇಲೆ ಆ ನಾಳದಲ್ಲಿ ತಾನಾಗಿ ಇಳಿಯೋದು ಅಪರೂಪ. ಬಾಳೆದಿಂಡಿನ ಪಲ್ಯ ತಿನ್ನಿ, ರುಚಿಯಾಗಿರುತ್ತೆ. 1240 ಎಚ್.ಯು. ಕಲ್ಲು ಅದಕ್ಕೆ ಜಗ್ಗಲ್ಲ.

ಜಗಳೂರಿನವರೇ, ನಾನು ಎಕ್ಸ್‌ರೇ ವಿಭಾಗದಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೆಂಪು ಬಲ್ಬಿನ ಕೆಳಗೆ ಫಿಲಂ ತೊಳೆದು ಕ್ಲಿಪ್ಪಿಗೆ ನೇತುಹಾಕ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದೀನಿ, ಹೆಸರು ಇಟ್ಟುಕೊಂಡಿದ್ದೂ ಅದಕ್ಕೇ. ನಿಮ್ಮ 16, 14, 11 ಮೂರಕ್ಕೂ ಕಾರಣ ಹೇಳ್ತೀನಿ. ಯಾರೂ ಸುಳ್ಳು ಹೇಳಿಲ್ಲ.

ಸ್ಕ್ಯಾನಿಂಗ್ ಅಂತ ನಾವು ಕರೆಯೋ ಅಲ್ಟ್ರಾಸೌಂಡ್ ಶಬ್ದದಿಂದ ಆಗೋದು. ಶಬ್ದ ಕಲ್ಲಿಗೆ ಬಡಿದು ವಾಪಸ್ ಬರುತ್ತೆ, ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತೆ. ಕಲ್ಲಿನ ಅಂಚು ಅಲ್ಲಿ ಮಸುಕಾಗಿ ಹಬ್ಬಿಕೊಳ್ಳೋದರಿಂದ ಇರೋದಕ್ಕಿಂತ ದೊಡ್ಡದಾಗಿ ಅಳತೆ ಬರೋದು ಮಾಮೂಲು. ಆ 16 ಅಲ್ಲಿಂದ ಬಂತು.

ಸಿ.ಟಿ. ಹಂಗಲ್ಲ. ಎತ್ತಿನ ಗಾಣ ನೋಡಿದೀರಲ್ಲ, ಹಂಗೆ ಎಕ್ಸ್‌ರೇ ಟ್ಯೂಬು ರೋಗಿ ಸುತ್ತ ತಿರುಗುತ್ತೆ, ಎದುರುಗಡೆ ಡಿಟೆಕ್ಟರ್. ಒಂದೊಂದು ಸುತ್ತಿನಲ್ಲೂ ನೂರಾರು ಕೋನದಿಂದ ಎಷ್ಟು ಕಿರಣ ದಾಟಿ ಬಂತು ಅನ್ನೋ ಲೆಕ್ಕ ಮಾತ್ರ ಸಿಗುತ್ತೆ. ಚಿತ್ರ ಅಂತ ಒಂದು ಅಲ್ಲಿ ಇರೋದೇ ಇಲ್ಲ, ಆ ಲೆಕ್ಕದಿಂದ ಕಂಪ್ಯೂಟರ್ ಕಟ್ಟಿಕೊಡಬೇಕು. ತೆಂಗಿನ ಮರದ ನೆರಳನ್ನ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿ, ಮರ ನೋಡದೇ ಮರದ ಆಕಾರ ಹೇಳಿದ ಹಾಗೆ. ಹೊಟ್ಟೆಯನ್ನ ಬ್ರೆಡ್ ಹೋಳಿನಂತೆ ತೆಳ್ಳಗೆ ಕೊಯ್ದು, ಒಂದೊಂದು ಹೋಳನ್ನೂ 512 ಸಾಲು, 512 ಕಂಬದ ಚೌಕಳಿ ಮಾಡುತ್ತೆ. ಅಂದರೆ ಒಂದು ಹೋಳಿಗೆ 2,62,144 ಚೌಕ. ಪ್ರತಿ ಚೌಕಕ್ಕೂ ಒಂದು ಅಂಕಿ. ಆ ಅಂಕಿಯೇ ನಿಮ್ಮ ಎಚ್.ಯು., ಹೌನ್ಸ್‌ಫೀಲ್ಡ್ ಯೂನಿಟ್. ನೀರಿಗೆ 0, ಗಾಳಿಗೆ ಮೈನಸ್ 1000. ಅಂಕಿ ಏರಿದಷ್ಟೂ ವಸ್ತು ಗಟ್ಟಿ.

ಇನ್ನು 14ಕ್ಕೂ 11ಕ್ಕೂ ಜಗಳ. ಒಂದು, ಕಲ್ಲನ್ನ ಅಡ್ಡ ಹೋಳಿನಲ್ಲಿ ಅಳೀತಾರಾ, ಉದ್ದ ಹೋಳಿನಲ್ಲಿ ಅಳೀತಾರಾ ಅನ್ನೋದು. ಕಲ್ಲು ಗೋಲಿಯಲ್ಲ, ಹುಣಸೆಬೀಜದ ಥರ ಒಂದು ಕಡೆ ಉದ್ದ ಇರಬಹುದು. ಎರಡನೇದು ಹೆಚ್ಚಿನವರಿಗೆ ಗೊತ್ತಿಲ್ಲ. ನಾವು ಪರದೆ ಮೇಲೆ 'ವಿಂಡೋ' ಅಂತ ಬದಲಾಯಿಸ್ತೀವಿ, ಅಂದ್ರೆ ಯಾವ ಅಂಕಿಯಿಂದ ಯಾವ ಅಂಕಿವರೆಗೆ ಕಪ್ಪು-ಬಿಳುಪಿನಲ್ಲಿ ತೋರಿಸಬೇಕು ಅನ್ನೋದು. ಮೆತ್ತನೆ ಅಂಗಗಳು ಚೆನ್ನಾಗಿ ಕಾಣಲಿ ಅಂತ ಇಟ್ಟ ವಿಂಡೋದಲ್ಲಿ ಕಲ್ಲು ರಾತ್ರಿ ಹೊತ್ತು ಲಾರಿ ಹೆಡ್‌ಲೈಟ್ ಕಂಡ ಹಾಗೆ ಸುತ್ತ ಹಬ್ಬಿಕೊಂಡು ಕಾಣುತ್ತೆ. ಮೂಳೆ ನೋಡೋ ವಿಂಡೋಗೆ ತಂದು, ಝೂಮ್ ಮಾಡಿದ್ರೆ ಅಂಚು ಕತ್ತರಿಸಿದಂಗೆ ಬರುತ್ತೆ. ಅದೇ ಕಲ್ಲು, ಅದೇ ಡೇಟಾ, ಒಂದೆರಡು ಮಿ.ಮೀ. ವ್ಯತ್ಯಾಸ. ಮೂರನೇ ಡಾಕ್ಟ್ರು ತಮ್ಮ ಕಂಪ್ಯೂಟರಿನಲ್ಲಿ ಹಂಗೇ ನೋಡಿರಬೇಕು.

ಅದಕ್ಕೇ ಸೆಂಟರಿನಲ್ಲಿ ಫಿಲಂ ಒಂದನ್ನೇ ಇಸ್ಕೊಂಡು ಬರಬೇಡಿ. ಸಿ.ಡಿ. ಕೇಳಿ, ಇಲ್ಲಾ ಲಿಂಕ್ ಕೇಳಿ. ಫಿಲಂ ಅಂದ್ರೆ ಮದುವೆ ವಿಡಿಯೋದಿಂದ ಆರಿಸಿದ ನಾಕು ಫೋಟೋ. ಸಿ.ಡಿ.ಯಲ್ಲಿ ಇಡೀ ಮದುವೆ ಇರುತ್ತೆ.

ಜಗಳೂರಿನವ · ಗುರುವಾರ, ಬೆಳಗ್ಗೆ 7:15

ಸಾರ್, ಕೈ ಮುಗಿದೆ. ಯಾರೂ ಹಿಂಗೆ ಬಿಡಿಸಿ ಹೇಳಿರಲಿಲ್ಲ. ಹಾಗಾದ್ರೆ 11 ಅಂತ ಇಟ್ಕೊಂಡು ಮಿಷನ್ನಲ್ಲಿ ಪುಡಿ ಮಾಡಿಸಬಹುದಲ್ವಾ? ಅದೇ ಕಮ್ಮಿ ರೇಟು.

ಕತ್ತಲೆಕೋಣೆ · ಬೆಳಗ್ಗೆ 8:02

ಎಲ್ಲರೂ ಇಲ್ಲೇ ಎಡವೋದು. ನೀವು ಮಿ.ಮೀ. ಹಿಡ್ಕೊಂಡು ಕೂತಿದೀರಿ. 11 ಇರಲಿ 14 ಇರಲಿ, ಟ್ರೀಟ್‌ಮೆಂಟ್ ಆರಿಸುವಾಗ ಎರಡೂ 10ರಿಂದ 20 ಮಿ.ಮೀ. ನಡುವಿನ ಒಂದೇ ಗುಂಪಿಗೆ ಸೇರುತ್ತೆ. ನಿಮ್ಮ ರಿಪೋರ್ಟ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಉಳಿದ ಎರಡು ಮಾತು: 'ಕೆಳಭಾಗ' ಮತ್ತು '1240'.

ಎಚ್.ಯು. 1000 ದಾಟಿದ ಕಲ್ಲಿಗೆ ಹೊರಗಿನ ಹೊಡೆತ ಅಷ್ಟಾಗಿ ನಾಟಲ್ಲ. ಒಡೆದ್ರೂ, ಕಿಡ್ನಿಯೊಳಗೆ ಮೂತ್ರ ಸೇರೋ ಬಟ್ಟಲುಗಳಲ್ಲಿ ಕೆಳಗಿನದ್ದರಲ್ಲಿ ಬಿದ್ದ ಚೂರು ಮೇಲೆ ಹತ್ತಿ ಬರಬೇಕು. ಬಾವಿ ತಳದ ಜಲ್ಲಿ ತಾನಾಗಿ ಮೇಲೆ ಬರುತ್ತಾ? ಅದೇ ಕಲ್ಲು ಮೇಲಿನ ಬಟ್ಟಲಿನಲ್ಲಿ ಇದ್ದು, 600 ಎಚ್.ಯು. ಆಗಿದ್ರೆ ಮೊದಲ ಡಾಕ್ಟ್ರ ಮಾತು ಕೇಳಿ ಅಂತ ನಾನೇ ಹೇಳ್ತಿದ್ದೆ.

ಇನ್ನೊಂದು ಮಾತು, ನಿಮಗಲ್ಲ, ಓದೋ ಬೇರೆಯವರಿಗೆ. 500ಕ್ಕಿಂತ ಕಮ್ಮಿ ಎಚ್.ಯು. ಬಂದ್ರೆ ಅದು ಯೂರಿಕ್ ಆಸಿಡ್ ಕಲ್ಲು ಇರೋ ಸಾಧ್ಯತೆ ಇದೆ. ಸಾದಾ ಎಕ್ಸ್‌ರೇಯಲ್ಲಿ ಅದು ಕಾಣೋದೇ ಇಲ್ಲ, ಸಿ.ಟಿ.ಯಲ್ಲಿ ಕಾಣುತ್ತೆ. ಮೂತ್ರದ ಹುಳಿ ತಗ್ಗಿಸೋ ಔಷಧ ಕೊಟ್ಟು ಅದನ್ನ ಕರಗಿಸಬಹುದು. ಕತ್ತರಿ, ಲೇಸರ್ ಏನೂ ಬೇಡ. ಎರಡು ಬೇರೆ ಶಕ್ತಿಯ ಎಕ್ಸ್‌ರೇ ಬಿಟ್ಟು ಯಾವ ಜಾತಿ ಕಲ್ಲು ಅಂತ ಬಣ್ಣ ಹಚ್ಚಿ ತೋರಿಸೋ ಸಿ.ಟಿ.ಗಳೂ ಬಂದಿವೆ.

ದುರ್ಗದಜ್ಜ · ಬೆಳಗ್ಗೆ 9:40

ನಾನು ನಿವೃತ್ತ ಮೇಷ್ಟ್ರು, ಚಿತ್ರದುರ್ಗ. ನೀವೆಲ್ಲ ತೂತು ಎಷ್ಟು ದೊಡ್ಡದು ಅಂತ ಚರ್ಚೆ ಮಾಡ್ತಿದೀರಿ. ನನ್ನ ಎಡಪಕ್ಕೆಯಲ್ಲಿ ಒಂದು ಗೇಣಿಗೂ ಮಿಕ್ಕ ಹೊಲಿಗೆ ಗುರುತಿದೆ. 1983. ಆಗ ದಾವಣಗೆರೆಯೂ ನಮ್ಮ ಜಿಲ್ಲೆಗೇ ಸೇರಿತ್ತು, 97ರಲ್ಲಿ ಬೇರೆಯಾದದ್ದು.

ಆಗ ಸಿ.ಟಿ. ಎಲ್ಲಿತ್ತು ನಮ್ಮ ಕಡೆ. ಹಿಂದಿನ ರಾತ್ರಿ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಸೋರು. ಬೆಳಗ್ಗೆ ತೋಳಿನ ನರಕ್ಕೆ ಔಷಧ ಚುಚ್ಚಿ, ಐದು ನಿಮಿಷಕ್ಕೊಂದು, ಹದಿನೈದು ನಿಮಿಷಕ್ಕೊಂದು ಎಕ್ಸ್‌ರೇ. ಔಷಧ ಮೈಗೆ ಹೋದಾಗ ಕಿವಿವರೆಗೂ ಬಿಸಿ ಏರಿದ್ದು ಇನ್ನೂ ನೆನಪಿದೆ. ಡಾಕ್ಟರು ಆ ಒದ್ದೆ ಫಿಲಂ ಕಿಟಕಿಗೆ ಹಿಡಿದು "ಇಲ್ಲಿದೆ ನೋಡಿ ಮೇಷ್ಟ್ರೇ" ಅಂದ್ರು. ನನಗೆ ಮೋಡ ಬಿಟ್ಟು ಏನೂ ಕಾಣಲಿಲ್ಲ. ಆಪರೇಷನ್ ಆಗಿ ಹನ್ನೆರಡು ದಿನ ಆಸ್ಪತ್ರೆ, ಎರಡು ತಿಂಗಳು ಕೊಡ ಎತ್ತಬೇಡಿ ಅಂದಿದ್ರು. ಆ ವರ್ಷ ಏಳನೇ ತರಗತಿ ಪರೀಕ್ಷೆಗೆ ನನ್ನ ಬದಲು ಬೇರೆಯವರು ಪಾಠ ಮಾಡಿದ್ರು.

ಮೊನ್ನೆ ಮೊಮ್ಮಗ ಓದಿ ಹೇಳಿದ. ನಾನು ಹಿಂಗೆ ಕೊಯ್ಸಿಕೊಳ್ಳೋಕೆ ಮೂರು ವರ್ಷ ಮುಂಚೆ, 1980ರ ಫೆಬ್ರವರಿ 7ಕ್ಕೆ, ಜರ್ಮನಿಯ ಮ್ಯೂನಿಕ್‌ನಲ್ಲಿ ಚೌಸಿ ಅನ್ನೋ ಡಾಕ್ಟರು ಚಾಕು ಮುಟ್ಟಿಸದೆ ಕಲ್ಲು ಒಡೆದಿದ್ದರಂತೆ. ರೋಗಿಯನ್ನ ನೀರಿನ ತೊಟ್ಟಿಯಲ್ಲಿ ಇಳಿಸಿ ಹೊರಗಿಂದ ಆಘಾತದ ಅಲೆ. ಆ ಮಿಷನ್ ಮಾಡಿದ್ದು ಡಾರ್ನಿಯರ್ ಅನ್ನೋ ವಿಮಾನ ಕಂಪನಿ. ಶಬ್ದಕ್ಕಿಂತ ವೇಗವಾಗಿ ಹಾರೋ ವಿಮಾನಕ್ಕೆ ಮಳೆಹನಿ ಬಡಿದ್ರೆ ಏನಾಗುತ್ತೆ ಅಂತ ನೋಡೋಕೆ ಹೋದವರು ಕೊನೆಗೆ ಕಲ್ಲು ಒಡೆಯೋಕೆ ಬಂದ್ರು. ಬೆನ್ನಲ್ಲಿ ತೂತು ಮಾಡಿ ಕಲ್ಲು ತೆಗೆಯೋ ವಿಧಾನ ಸ್ವೀಡನ್‌ನಲ್ಲಿ 1976ಕ್ಕೇ ಶುರುವಾಗಿತ್ತಂತೆ. ಸುದ್ದಿ ನಮ್ಮ ಕೋಟೆ ಹತ್ತಿ ಬರೋಕೆ ತಡ ಆಯ್ತು, ಅಷ್ಟೇ.

ಚಳ್ಳಕೆರೆ ಎಣ್ಣೆ · ಬೆಳಗ್ಗೆ 10:22

ಅಜ್ಜ, ಸಿ.ಟಿ.ದೂ ಅಂಥದ್ದೇ ಕಥೆ. ಕಂಡುಹಿಡಿದ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಎಂಜಿನಿಯರ್. ಕೆಲಸ ಮಾಡ್ತಿದ್ದದ್ದು ಹಾಡಿನ ರೆಕಾರ್ಡ್ ಮಾರೋ ಇ.ಎಂ.ಐ. ಕಂಪನಿಯಲ್ಲಿ. 1971ರ ಅಕ್ಟೋಬರ್ 1ಕ್ಕೆ ಲಂಡನ್ನಿನ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್. ಆಗ ಚೌಕಳಿ ಬರೀ 80ಕ್ಕೆ 80, ಅಂದ್ರೆ 6,400 ಚೌಕ. 1979ರ ನೊಬೆಲ್ ಅವರಿಗೂ ಕಾರ್ಮ್ಯಾಕ್ ಅನ್ನೋ ಭೌತವಿಜ್ಞಾನಿಗೂ ಹಂಚಿಕೆ ಆಯ್ತು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲಿರೋನು. ಇನ್ನು ಐದು ವರ್ಷ ಕಾಯಿರಿ. ಎ.ಐ. ಚಿತ್ರ ನೋಡಿ ಕಲ್ಲು ಎಷ್ಟು, ಯಾವ ಆಪರೇಷನ್, ಎಲ್ಲಾ ತಾನೇ ಹೇಳುತ್ತೆ. ಮೂರು ಡಾಕ್ಟ್ರ ಹತ್ರ ಅಲೆಯೋ ಗೋಳೇ ಇರಲ್ಲ.

ಕತ್ತಲೆಕೋಣೆ · ಮಧ್ಯಾಹ್ನ 1:10

ಅದು ಬರೋದು ಬಿಡೋದು ನಾನು ಹೇಳಲಾರೆ. ಈಗಾಗಲೇ ಕಂಪ್ಯೂಟರ್ ಮಾಡ್ತಿರೋ ಒಳ್ಳೆ ಕೆಲಸ ಬೇರೆ ಇದೆ. ಕಲ್ಲು ಪರದೆ ಮೇಲೆ ಬಿಳಿ ಹೊಳೆಯುತ್ತೆ, ಅದನ್ನ ಹುಡುಕೋಕೆ ಪೂರ್ತಿ ಡೋಸ್ ಎಕ್ಸ್‌ರೇ ಬೇಡ. ಕಮ್ಮಿ ಡೋಸ್ ಕೊಟ್ರೆ ಚಿತ್ರ ರವೆ ಚೆಲ್ಲಿದಂಗೆ ಬರುತ್ತೆ. ಆ ರವೆಯನ್ನ ಮತ್ತೆ ಮತ್ತೆ ಲೆಕ್ಕ ಹಾಕಿ ಸೋಸೋ ಪ್ರೋಗ್ರಾಂಗಳು ಈಗಿನ ಮಿಷನ್‌ಗಳಲ್ಲಿವೆ. ಮೇಲಿಂದ ಮೇಲೆ ಕಲ್ಲಾಗೋ ಹುಡುಗರಿಗೆ ಇದು ದೊಡ್ಡ ಉಪಕಾರ. ಸಿ.ಟಿ. ಬರೆದಾಗ "ಕಲ್ಲಿಗೆ ಕಮ್ಮಿ ಡೋಸಿನಲ್ಲಿ ಆಗುತ್ತಾ" ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಸೋಸೋದು ಜಾಸ್ತಿಯಾದ್ರೆ ಚಿತ್ರ ಮೇಣ ಬಳಿದಂಗೆ ನುಣ್ಣಗಾಗಿ ಸಣ್ಣ ಚೂರೂ ಮುಚ್ಚಿಹೋಗಬಹುದು, ಅದೂ ಗೊತ್ತಿರಲಿ. ನುಣ್ಣಗಿದ್ದ ಮಾತ್ರಕ್ಕೆ ಒಳ್ಳೆ ಚಿತ್ರ ಅಲ್ಲ.

ಹರಿಹರದಕ್ಕ · ಮಧ್ಯಾಹ್ನ 2:45

ಯಾವ ಆಪರೇಷನ್ ಬೇಕಾದ್ರೂ ಮಾಡಿಸಿ ತಮ್ಮಾ, ಆದ್ರೆ ಒಳಗೆ ಸ್ಟೆಂಟ್ (ಮೂತ್ರ ಸಲೀಸಾಗಿ ಇಳಿಯಲಿ ಅಂತ ಕಿಡ್ನಿಯಿಂದ ಮೂತ್ರಕೋಶದವರೆಗೆ ಇಡೋ ಸಣ್ಣ ಪೈಪು) ಹಾಕಿದ್ರಾ, ಯಾವತ್ತು ತೆಗೆಸಬೇಕು, ಇದನ್ನ ಕೇಳದೇ ಆಸ್ಪತ್ರೆ ಬಿಡಬೇಡ. ನಮ್ಮನೆಯವರ ಕಥೆ ಹೇಳ್ತೀನಿ.

ಲೇಸರ್ ಮಾಡಿಸಿದ್ವಿ, ಆಸ್ಪತ್ರೆ ಹೆಸರು ಬೇಡ. ಎರಡನೇ ದಿನಕ್ಕೆ ಮನೆಗೆ ಕಳಿಸಿದ್ರು. ಡಿಸ್ಚಾರ್ಜ್ ಚೀಟಿ ಕೊನೇಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ರಂತೆ, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನಾವು ಚೀಟಿನ ಮಡಚಿ ಬೀರುವಿನಲ್ಲಿಟ್ವಿ. ಇವರಿಗೆ ಮೇಲಿಂದ ಮೇಲೆ ಉಚ್ಚೆಗೆ ಹೋಗಬೇಕು ಅನ್ನಿಸೋದು, ಬೈಕ್ ಓಡಿಸಿದ ದಿನ ಕೆಂಪಗೆ ಹೋಗೋದು. ಶುಗರ್ ಇರಬೇಕು ಅಂದ್ಕೊಂಡ್ವಿ. ಹದಿನಾಲ್ಕು ತಿಂಗಳು! ಆಮೇಲೆ ಒಂದು ಎಕ್ಸ್‌ರೇ ತೆಗೆದ್ರೆ ಎರಡೂ ತುದಿ ಸುರುಳಿ ಸುತ್ತಿದ ದಾರ ಕಾಣ್ತು. ಕೆಳಗಿನ ಸುರುಳಿ ಮೇಲೆ ನಿಂಬೆಹಣ್ಣಿನಷ್ಟು ಕಲ್ಲು ಕಟ್ಟಿತ್ತು. ಐದು ನಿಮಿಷದಲ್ಲಿ ಎಳೆದು ತೆಗೆಯೋ ಸ್ಟೆಂಟಿಗೆ ಮೇಲಿಂದೊಂದು, ಕೆಳಗಿಂದೊಂದು, ಎರಡು ಆಪರೇಷನ್ ಆಯ್ತು.

ಜಗಳೂರಿನವ · ಮಧ್ಯಾಹ್ನ 3:00

ಅಯ್ಯೋ ಅಕ್ಕ. ಹೊಲದ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಕೊಳ್ಳುತ್ತಲ್ಲ, ಹಂಗೇ ಆಗಿದೆ.

ಹರಿಹರದಕ್ಕ · ಮಧ್ಯಾಹ್ನ 3:04

ಹಂಗೇ ಕಣಪ್ಪ. ಡ್ರಿಪ್ ಆದ್ರೆ ಕಣ್ಣಿಗೆ ಕಾಣುತ್ತೆ.

ಓಟಿ ಸಿಸ್ಟರ್ · ರಾತ್ರಿ 9:15

ಡ್ಯೂಟಿ ಮುಗಿಸಿ ಈಗ ಓದಿದೆ. ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸ್ಟೆಂಟ್ ಹಾಕಿದವರ ಹೆಸರು, ಫೋನ್ ನಂಬರ್, ತೆಗೆಯೋ ದಿನ ಎಲ್ಲಾ ನಮ್ಮಲ್ಲಿ ಪ್ರತ್ಯೇಕ ಪುಸ್ತಕದಲ್ಲಿ ಬರೀತೀವಿ. ಆದ್ರೂ ನಂಬರ್ ಬದಲಾಯಿಸಿಕೊಂಡು ಸಿಗದೇ ಹೋಗೋರು ಇರ್ತಾರೆ.

ಜಗಳೂರಿನ ಅಣ್ಣನಿಗೆ ಉಳಿದ ಎರಡು ದಾರಿ ಒಳಗಿಂದ ನೋಡಿದೋಳಾಗಿ ಹೇಳ್ತೀನಿ.

ಕೆಳಗಿಂದ ಹೋಗೋದು: ಮೂತ್ರದ ದಾರಿಯಿಂದ ಮೂತ್ರಕೋಶ, ಅಲ್ಲಿಂದ ನಾಳ ಹತ್ತಿ ಕಿಡ್ನಿವರೆಗೆ ಬಾಗೋ ದುರ್ಬೀನು ಹೋಗುತ್ತೆ. ಕೊಳವೆ ಸುಮಾರು 3 ಮಿ.ಮೀ. ದಪ್ಪ, ತುದಿ ಹಾವಿನ ಹೆಡೆಯಂಗೆ ತಿರುಗುತ್ತೆ. ಒಳಗಿಂದ ಕೂದಲೆಳೆಗಿಂತ ಕೆಲವೇ ಪಟ್ಟು ದಪ್ಪ ಲೇಸರ್ ಎಳೆ. ಟಿವಿ ಮೇಲೆ ಕಲ್ಲು ಕಲ್ಲುಸಕ್ಕರೆ ಥರ ಕಾಣುತ್ತೆ, ಲೇಸರ್ ಬಿಟ್ರೆ ಹಿಟ್ಟು ಹಾರಿದಂಗೆ ಪುಡಿ. ಮೈ ಮೇಲೆ ಗಾಯ ಇಲ್ಲ. ಆದ್ರೆ ಕೆಳಗಿನ ಬಟ್ಟಲಿನ ಕುತ್ತಿಗೆ ಉದ್ದ, ಕಿರಿದು ಇದ್ರೆ, ಕಡಿದಾಗಿ ತಿರುಗಿದ್ರೆ, ಒಳಗೆ ಲೇಸರ್ ಎಳೆ ಇದ್ದಾಗ ದುರ್ಬೀನು ಅಷ್ಟು ಬಾಗಲ್ಲ. ಎದುರಿಗೇ ಕಲ್ಲು ಇದ್ರೂ ಮುಟ್ಟೋಕಾಗದೇ ಡಾಕ್ಟ್ರು ಒದ್ದಾಡೋದನ್ನ ನೋಡಿದೀನಿ.

ಬೆನ್ನಿನಿಂದ ಹೋಗೋದು: ಮಂಪರು ಕೊಟ್ಟ ಮೇಲೆ ಸಾಮಾನ್ಯವಾಗಿ ಬೋರಲು ಮಲಗಿಸ್ತೀವಿ. ಸಿ-ಆರ್ಮ್ ಅನ್ನೋ ಎಕ್ಸ್‌ರೇ ಮಿಷನ್ ಟೇಬಲ್ ಸುತ್ತ ಬರುತ್ತೆ, ನಾವೆಲ್ಲ ಸೀಸದ ಏಪ್ರನ್ ತೊಟ್ಟು ನಿಲ್ತೀವಿ. ಸೆಕೆಯಲ್ಲಿ ಅದರ ಭಾರ ತೊಟ್ಟವರಿಗೇ ಗೊತ್ತು. ಕೆಳಗಿಂದ ಬಣ್ಣದ ಔಷಧ ಬಿಟ್ರೆ ಕಿಡ್ನಿ ಬಟ್ಟಲು ಪರದೆ ಮೇಲೆ ಕೈಬೆರಳಿನಂಗೆ ಮೂಡುತ್ತೆ. ಸರಿಯಾದ ಬೆರಳಿನ ತುದಿಗೆ ಸೂಜಿ ಹೋಗಬೇಕು. ಡಾಕ್ಟ್ರು ಪೆಡಲ್ ತುಳಿದು ಒಂದು ಚಿತ್ರ ತೆಗೆದು ಕಾಲೆತ್ತುತ್ತಾರೆ. ಕೊನೆ ಚಿತ್ರವನ್ನ ಕಂಪ್ಯೂಟರ್ ಪರದೆ ಮೇಲೆ ಹಿಡಿದಿಟ್ಟಿರುತ್ತೆ, ಅದನ್ನ ನೋಡ್ತಾ ಸೂಜಿ ತಿರುಗಿಸ್ತಾರೆ. ಹಿಂದೆ ಇದಕ್ಕೆ ಪೂರ್ತಿ ಹೊತ್ತು ಎಕ್ಸ್‌ರೇ ಬಿಟ್ಟುಕೊಂಡೇ ಇರ್ತಿದ್ರು. ಸೂಜಿ ಹಿಂದೆ ತಂತಿ, ತಂತಿ ಮೇಲೆ ದಾರಿ ಹಿಗ್ಗಿಸೋ ಕೊಳವೆ. ಮಾಮೂಲಿ ವಿಧಾನದಲ್ಲಿ 8ರಿಂದ 10 ಮಿ.ಮೀ. ದಾರಿ, 'ಮಿನಿ' ಅಂದ್ರೆ ಅದರ ಅರ್ಧ ಅಂದುಕೊಳ್ಳಿ. ಕಲ್ಲು ಚೆನ್ನಾಗಿ ಖಾಲಿಯಾಗುತ್ತೆ, ಆದ್ರೆ ರಕ್ತಸ್ರಾವದ ಅಪಾಯ ಕೆಳಗಿನ ದಾರಿಗಿಂತ ಜಾಸ್ತಿ. ರಕ್ತ ತೆಳುವಾಗೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ.

ಒಂದು ಮಾತು ಎಲ್ಲರಿಗೂ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂತು, ಅಥವಾ ಮೂತ್ರವೇ ನಿಂತುಹೋಯ್ತು ಅಂದ್ರೆ ಬಾಳೆದಿಂಡೂ ಬೇಡ, ಈ ಚರ್ಚೆಯೂ ಬೇಡ. ಅವತ್ತೇ ಆಸ್ಪತ್ರೆ. ಮುಚ್ಚಿದ ಕಿಡ್ನಿಯಲ್ಲಿ ಸೋಂಕು ತುಂಬಿದ್ರೆ ಗಂಟೆಗಳ ಲೆಕ್ಕ.

ಹೊಳಲ್ಕೆರೆ ತೋಟ · ರಾತ್ರಿ 9:40

ಸರಿ ಸಿಸ್ಟರ್, ಒಪ್ಪಿದೆ. ಭಾವನ ರಿಪೋರ್ಟ್ ತೆಗೆಸಿ ನೋಡಿದೆ, 4.5 ಮಿ.ಮೀ. ಇತ್ತು. ಆದ್ರೂ ಬೋರ್ ನೀರಿನ ಬಗ್ಗೆ ನಾನು ಹೇಳಿದ್ದು ತಪ್ಪಾ?

ಓಟಿ ಸಿಸ್ಟರ್ · ರಾತ್ರಿ 9:52

ನೀರಿನ ಗಡಸಿಗಿಂತ ನೀರೇ ಕುಡಿಯದಿರೋದು ದೊಡ್ಡ ಕಾರಣ ಅಣ್ಣ. ಬಿಸಿಲಲ್ಲಿ ಕೆಲಸ ಮಾಡಿ ಬೆವರಾಗಿ ಹೋದ್ರೆ ಮೂತ್ರ ಪಾಕದಂಗೆ ಗಟ್ಟಿಯಾಗುತ್ತೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗೋಷ್ಟು ಕುಡೀಬೇಕು. ಉಪ್ಪು ಕಮ್ಮಿ ಮಾಡಿ. ನಿಂಬೆಹಣ್ಣಿನ ಪಾನಕ ಒಳ್ಳೇದೇ, ಅದರಲ್ಲಿರೋ ಸಿಟ್ರೇಟ್ ಕಲ್ಲು ಕಟ್ಟೋದನ್ನ ತಡೆಯುತ್ತೆ, ಸಕ್ಕರೆ ಸುರೀಬೇಡಿ ಅಷ್ಟೇ. ಕ್ಯಾಲ್ಸಿಯಂ ಕಲ್ಲು ಅಂತ ಹಾಲು ಮೊಸರು ಬಿಡೋರು ಜಾಸ್ತಿ, ಅದು ತಪ್ಪು. ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲು ಕಟ್ಟೋದು ಆಕ್ಸಲೇಟ್, ಪಾಲಕ್‌ನಲ್ಲಿ ಅದು ಜಾಸ್ತಿ; ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಅದನ್ನ ಹಿಡ್ಕೊಂಡು ಹೊರಗೆ ಹಾಕುತ್ತೆ. ಮಜ್ಜಿಗೆ ಬಿಟ್ಟು ಪಾಲಕ್ ತಿಂತಾ ಕೂತ್ರೆ ಉಲ್ಟಾ ಆಗುತ್ತೆ.

ಬೆಣ್ಣೆದೋಸೆ · ರಾತ್ರಿ 10:10

ನಮ್ಮಕ್ಕ ಐದು ತಿಂಗಳ ಗರ್ಭಿಣಿ, ಅವಳಿಗೂ ಕಲ್ಲಿನ ನೋವು ಬಂದಿದೆ. ಸಿ.ಟಿ. ಮಾಡಿಸಬಹುದಾ?

ಕತ್ತಲೆಕೋಣೆ · ರಾತ್ರಿ 10:18

ಗರ್ಭಿಣಿಗೆ ಮೊದಲು ಅಲ್ಟ್ರಾಸೌಂಡೇ. ಅದರಲ್ಲೇ ರಕ್ತದ ಓಟವನ್ನ ಬಣ್ಣದಲ್ಲಿ ತೋರಿಸೋ ಡಾಪ್ಲರ್ ಹಾಕಿದ್ರೆ ಕಲ್ಲಿನ ಹಿಂದೆ ಬಣ್ಣ ಮಿನುಗುತ್ತೆ, ಸಣ್ಣ ಕಲ್ಲು ಹುಡುಕೋಕೆ ಅದೊಂದು ಉಪಾಯ. ಹೆರಿಗೆ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ, ಇಲ್ಲಿ ಕೇಳ್ತಾ ಕೂರಬೇಡಿ.

ಜಗಳೂರಿನವ · ಹದಿನಾರು ದಿನ ಬಿಟ್ಟು, ಭಾನುವಾರ, ಸಂಜೆ 6:30

ಉತ್ತರ ಬರೆಯೋಕೆ ತಡ ಆಯ್ತು, ಕ್ಷಮಿಸಿ. ಆಪರೇಷನ್ ಆಗಿ ಹತ್ತು ದಿನ ಆಯ್ತು.

ಸಿ.ಡಿ. ಕೇಳೋಕೆ ಹೋದಾಗ ಸ್ಕ್ಯಾನ್ ಸೆಂಟರಿನವರು "ಫಿಲಂ ಕೊಟ್ಟಿದೀವಲ್ಲ" ಅಂದ್ರು. ಅರ್ಧ ಗಂಟೆ ಕೂತ ಮೇಲೆ ಕೊಟ್ರು. ಅದನ್ನ ಹಿಡ್ಕೊಂಡು ಎರಡನೇ ಡಾಕ್ಟ್ರ ಹತ್ರ ಹೋದ್ವಿ, ಬೆನ್ನಲ್ಲಿ ತೂತು ಅಂದಿದ್ರಲ್ಲ, ಅವರು. ಕಂಪ್ಯೂಟರಿಗೆ ಹಾಕಿ ಅಪ್ಪಾಜಿ ಕಿಡ್ನಿನ ಮಾವಿನಕಾಯಿ ತಿರುಗಿಸಿದಂಗೆ ತಿರುಗಿಸಿ ತೋರಿಸಿದ್ರು. ಕೆಳಗಿನ ಬಟ್ಟಲಿನ ಕುತ್ತಿಗೆ ಸಿಸ್ಟರ್ ಹೇಳಿದಂಗೇ ಕಿರಿದು, ಕಡಿದಾದ ತಿರುವು. "ಕೆಳಗಿಂದ ಹೋದ್ರೆ ತಲುಪೋ ಭರವಸೆ ನನಗಿಲ್ಲ" ಅಂದ್ರು. ಪಕ್ಕೆಲುಬು ಎಲ್ಲಿದೆ, ಕರುಳು ಎಲ್ಲಿದೆ ಅಂತ ನೋಡಿ, ಸೂಜಿ ಇಲ್ಲಿಂದ ಬರುತ್ತೆ ಅಂತ ಪರದೆ ಮೇಲೆ ಗೆರೆ ಎಳೆದು ತೋರಿಸಿದ್ರು. ಅಪ್ಪಾಜಿ ಅದುವರೆಗೂ ಬೇಡ ಬೇಡ ಅಂತಿದ್ದೋರು ಆ ಗೆರೆ ನೋಡಿ ಸುಮ್ಮನಾದ್ರು. ಹೊರಗೆ ಬಂದು "ಬೋರ್ ಪಾಯಿಂಟ್ ನೋಡೋರಿಗಿಂತ ಇವರು ವಾಸಿ ಕಣಲೇ" ಅಂದ್ರು. ನಮ್ಮ ಹೊಲದಲ್ಲಿ ಪಾಯಿಂಟ್ ನೋಡಿಸಿ ಹೊಡೆಸಿದ ನಾಕು ಬೋರ್ ಫೇಲಾಗಿವೆ, ಆ ಸಿಟ್ಟು.

ರೇಷನ್ ಕಾರ್ಡ್ ಬಿ.ಪಿ.ಎಲ್. ಇದ್ದದ್ದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ ಅಂತ ಯಾರೋ ಹೇಳಿದ್ರು. ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಪತ್ರಕ್ಕೆ ಒಂದಿಡೀ ಬೆಳಗ್ಗೆ ಸಾಲು ನಿಂತೆ. ಕಾಲು ನೋಯ್ತು, ಆದ್ರೆ ಕೆಲಸ ಆಯ್ತು. ಆಪರೇಷನ್‌ಗೆ ಮುಂಚೆ ಮಾಡಬೇಕು, ಆಮೇಲೆ ಹೋದ್ರೆ ನಡೆಯಲ್ಲ ಅಂತ ಅಲ್ಲೇ ಒಬ್ಬರು ಅಳ್ತಿದ್ರು.

ಮಿನಿ ವಿಧಾನದಲ್ಲೇ ಮಾಡಿದ್ರು. ಒಂದೂವರೆ ಗಂಟೆ. ಮೂರನೇ ದಿನ ಮನೆಗೆ. ಬೆನ್ನಲ್ಲಿ ಶರ್ಟಿನ ಕಾಜಿನಷ್ಟು ಗಾಯ, ಎರಡು ಹೊಲಿಗೆ. ದುರ್ಗದಜ್ಜನ ಗೇಣು ಹೊಲಿಗೆ ನೆನಪಾಯ್ತು. ಕಲ್ಲಿನ ಚೂರನ್ನ ಬಾಟ್ಲಿಯಲ್ಲಿ ಹಾಕಿ ಟೆಸ್ಟಿಗೆ ಕಳಿಸಿದ್ರು. ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂದಿದೆ.

ಕತ್ತಲೆಕೋಣೆ · ಸಂಜೆ 7:05

ಒಳ್ಳೇದಾಯ್ತು. ಸಿ.ಡಿ. ಎಸೀಬೇಡಿ. ಮತ್ತೆ ಯಾವತ್ತಾದ್ರೂ ಸಿ.ಟಿ. ಮಾಡಿಸಿದ್ರೆ ಹಳೇದನ್ನ ಪಕ್ಕದಲ್ಲಿಟ್ಟು ನೋಡೋದೇ ಒಂದು ಬಲ.

ಹರಿಹರದಕ್ಕ · ಸಂಜೆ 7:11

ಸ್ಟೆಂಟ್?

ಜಗಳೂರಿನವ · ಸಂಜೆ 7:14

ಹಾಕಿದಾರೆ ಅಕ್ಕ. ಇನ್ನೆರಡು ವಾರಕ್ಕೆ ತೆಗೀತಾರೆ. ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದೀನಿ, ತಮ್ಮನ ಫೋನ್‌ನಲ್ಲಿ ಅಲಾರಂ ಇಟ್ಟಿದೀನಿ, ಹಾಲು ಹಾಕೋನಿಗೂ ಹೇಳಿಟ್ಟಿದೀನಿ.

ಜಗಳೂರಿನವ · ಎರಡು ವಾರ ಬಿಟ್ಟು, ಮಂಗಳವಾರ, ಮಧ್ಯಾಹ್ನ 12:20

ಅಕ್ಕ, ಇವತ್ತು ತೆಗೆಸಿದ್ವಿ. ಮರಗಟ್ಟಿಸೋ ಜೆಲ್ಲಿ ಹಚ್ಚಿ, ದುರ್ಬೀನು ಹಾಕಿ, ಅಪ್ಪಾಜಿ "ಆಯ್" ಅನ್ನೋದ್ರೊಳಗೆ ಹೊರಗೆ ಬಂತು. ನೀಲಿ ಬಣ್ಣದ ಸಣ್ಣ ಪೈಪು, ಒಂದು ಗೇಣು ಚಿಲ್ಲರೆ, ಎರಡು ತುದಿಗೂ ಸುರುಳಿ. ಒಂದು ಕಡೆ ಆಗಲೇ ರವೆ ಹತ್ತಿದಂಗೆ ಒರಟಾಗಿತ್ತು.

ಅಪ್ಪಾಜಿ ಅದನ್ನ ಟ್ರೇಯಲ್ಲಿ ನೋಡಿ ಡಾಕ್ಟ್ರನ್ನ ಕೇಳಿದ್ರು: "ಡ್ರಿಪ್ ಲೈನಿಗೆ ಆಸಿಡ್ ಬಿಟ್ಟು ತೊಳೀತೀವಲ್ಲ ಸಾರ್, ಇದಕ್ಕೂ ಹಂಗೇ ಬಿಟ್ಟಿದ್ರೆ ತೆಗೆಯೋ ತಾಪತ್ರಯವೇ ಇರ್ತಿರಲಿಲ್ಲ ಅಲ್ವಾ?" ಡಾಕ್ಟ್ರು ಗ್ಲೌಸ್ ಬಿಚ್ಚುತ್ತಾ ನಕ್ಕು, "ನೀವು ನೀರು ಬಿಡಿ ಯಜಮಾನ್ರೇ, ಸಾಕು" ಅಂದ್ರು. ಈಗ ಬಸ್‌ಸ್ಟ್ಯಾಂಡಿನಲ್ಲಿ ಕೂತಿದೀವಿ, ಎರಡನೇ ಬಾಟ್ಲಿ ಮುಗಿಸ್ತಿದ್ದಾರೆ. ಜಗಳೂರು ಬಸ್ಸು ಹತ್ತಿದ ಮೇಲೆ ಎಲ್ಲಿ ನಿಲ್ಲಿಸೋದು ಅನ್ನೋದೇ ಈಗ ನನ್ನ ಚಿಂತೆ.